ಎದುರು ಸೀಟಿನ ಮುನಿರಂಗಪ್ಪ

ರೈಲು ಟಿಕೆಟ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ನಾನು ಮನೆಯಲ್ಲಿ ಘೋಷಿಸಿದ್ದು ಒಂದು ಭಾನುವಾರ, ಉಪ್ಪಿಟ್ಟು ತಿನ್ನುತ್ತಾ. ಆಗ ನನಗೆ ಪೂರ್ಣ ಆತ್ಮವಿಶ್ವಾಸವಿತ್ತು. ಉಪ್ಪಿಟ್ಟೂ ಚೆನ್ನಾಗಿತ್ತು.

ನಾವು ಕೋಣನಕುಂಟೆಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ನಾನು ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ಪಲ್ಲವಿ ಜಯನಗರದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲೇ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಒಳ್ಳೆಯವನು. ಇನ್ನು ನಾನೂ ನನ್ನ ಹೆಂಡತಿ ಗಿರಿಜಾಳೂ ಹುಬ್ಬಳ್ಳಿಗೆ ಹೋಗಿ ಅವರ ಮನೆ ನೋಡಿಬರಬೇಕಿತ್ತು. ಅವರೂ ನಮ್ಮನ್ನು ನೋಡುವುದು ಅದೇ ಮೊದಲು.

ಪಲ್ಲವಿ ಎರಡು ತಿಂಗಳ ಮುಂಚೆಯೇ ಅಮ್ಮನಿಗೆ ಟಿಕೆಟ್ ಮಾಡಿದಳು. "ಅಪ್ಪ, ನಿಂದೂ ಹಾಕ್ಬಿಡ್ಲಾ?" ಎಂದಳು.

"ಬೇಡ," ಎಂದೆ. "ನಾನು ಕಾಯ್ತೀನಿ. ದಿನ ಹತ್ರ ಬಂದಾಗ ಸೀಟು ಖಾಲಿ ಉಳಿಯುತ್ತೆ, ರೇಟು ಇಳಿಯುತ್ತೆ. ಮಾರ್ಕೆಟ್‌ನಲ್ಲಿ ಸಾಯಂಕಾಲ ಸೊಪ್ಪು ಅಗ್ಗ ಆಗಲ್ವಾ?"

"ರೀ, ರೈಲು ಸೊಪ್ಪಲ್ಲ!" ಎಂದಳು ಗಿರಿಜಾ.

ನಾನು ಕೇಳಲಿಲ್ಲ. ದಿನಾ ಬೆಳಿಗ್ಗೆ ಮೊಬೈಲ್ ತೆಗೆದು ದರ ನೋಡುತ್ತಿದ್ದೆ. ಒಂದೇ ರೈಲು, ಒಂದೇ ಬೋಗಿ, ಆದರೆ ಒಂದೊಂದು ಕೋಟಾಕ್ಕೆ ಒಂದೊಂದು ದರ. ತತ್ಕಾಲ್‌ಗೆ ಒಂದು, ಅದರ ಅಣ್ಣನಂತಿರುವ ಪ್ರೀಮಿಯಂ ತತ್ಕಾಲ್‌ಗೆ ಇನ್ನೊಂದು. ಈ ಕೊನೆಯದಂತೂ ನಾನು ನೋಡುತ್ತಿರುವಾಗಲೇ ಏರುತ್ತಿತ್ತು. ಇಳಿದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಕೊನೆಗೆ ಗಾಬರಿಯಾಗಿ ಸಿಕ್ಕಿದ್ದನ್ನು ಒತ್ತಿದೆ. ಪರದೆಯ ಮೇಲೆ ಚಕ್ರ ಸುತ್ತಿತು, ಸುತ್ತಿತು, ಆಮೇಲೆ ಪರದೆ ಬೆಳ್ಳಗಾಯಿತು. ಮತ್ತೆ ಮೊದಲಿನಿಂದ ಎಲ್ಲ ತುಂಬಿದೆ. ಟಿಕೆಟ್ ಬಂತು. ಆರ್‌ಎಸಿ!

ಆರ್‌ಎಸಿ ಎಂದರೆ ಒಂದು ಬರ್ತನ್ನು ಇಬ್ಬರಿಗೆ ಹಂಚುವುದು. ಓಡಾಡುವ ದಾರಿಯ ಪಕ್ಕದ ಉದ್ದ ಸೀಟನ್ನು ಎರಡು ತುಂಡು ಮಾಡಿ, ಇಬ್ಬರು ಅಪರಿಚಿತರನ್ನು ಎದುರುಬದುರು ಕೂರಿಸುತ್ತಾರೆ. ಮಲಗುವ ಸಮಯ ಬಂದಾಗ ಇಬ್ಬರೂ ತಮ್ಮ ತಮ್ಮ ಕಾಲುಗಳನ್ನು ಏನು ಮಾಡಬೇಕು ಎಂಬುದನ್ನು ರೈಲ್ವೆ ಹೇಳುವುದಿಲ್ಲ.

"ಅರ್ಧ ಸೀಟು ತಾನೇ? ಎದುರಿನವರ ಜೊತೆ ಹೊಂದ್ಕೊಂಡು ಹೋಗ್ತೀನಿ," ಎಂದೆ ಗಂಭೀರವಾಗಿ.

ಹೊರಡುವ ದಿನ ಮೋಡ ಕವಿದಿತ್ತು. ರೈಲು ಸಂಜೆಯದು. ಗಿರಿಜಾಳ ಬರ್ತ್ ಬೋಗಿಯ ಆ ತುದಿಯಲ್ಲಿ, ನನ್ನ ಅರ್ಧ ಈ ತುದಿಯಲ್ಲಿ. ಎದುರಿನ ಅರ್ಧ ಖಾಲಿ ಇತ್ತು. ಆದರೆ ಅದರ ಕೆಳಗೆ ಒಂದು ಜೊತೆ ಹಳೆಯ ಚರ್ಮದ ಚಪ್ಪಲಿ ಇತ್ತು. ಯಾರೋ ಕೂತು ಕಾಲು ಕೆಳಗಿಟ್ಟಿದ್ದಾರೆ ಎನ್ನುವ ಹಾಗೆ, ತುದಿಗಳು ನೇರವಾಗಿ ನನ್ನ ಕಡೆ ತಿರುಗಿದ್ದವು.

ಯಶವಂತಪುರ ದಾಟಿತು. ಯಾರೂ ಬರಲಿಲ್ಲ. ಬೆಡ್‌ಶೀಟ್ ಕೊಡುವವನು ಬಂದು ನನ್ನ ಕೈಗೊಂದು ಪೊಟ್ಟಣ ಕೊಟ್ಟ. ಇನ್ನೊಂದನ್ನು ಖಾಲಿ ಸೀಟಿನ ಮೇಲೆ ಇಟ್ಟು, ದಿಂಬನ್ನೂ ಸರಿಮಾಡಿದ.

"ಅದು ಯಾರಿಗಪ್ಪಾ?"

"ಎದುರುಗಡೆ ಇರೋರಿಗೆ ಸಾರ್."

"ಎದುರುಗಡೆ ಯಾರೂ ಇಲ್ವಲ್ಲ!"

ಅವನು ಖಾಲಿ ಸೀಟನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಇದಾರೆ ಸಾರ್," ಎಂದು ಹೊರಟುಹೋದ.

ಹೊರಗೆ ಕತ್ತಲಾಗುತ್ತಿತ್ತು. ಏಸಿಯ ತಣ್ಣನೆಯ ಗಾಳಿ ಕುತ್ತಿಗೆಯ ಹಿಂಭಾಗಕ್ಕೇ ಬೀಸುತ್ತಿತ್ತು. ಎಲ್ಲೋ ಬಹಳ ಹತ್ತಿರದಿಂದ ಒಂದು ಕೆಮ್ಮು ಕೇಳಿತು. ಮುದುಕರ ಕೆಮ್ಮು. ತಿರುಗಿ ನೋಡಿದರೆ ಯಾರೂ ಇಲ್ಲ. ಕಿಟಕಿಯ ಗಾಜಿನಲ್ಲಿ ಮಾತ್ರ ನನ್ನದೇ ಮುಖ ನನ್ನನ್ನು ನೋಡುತ್ತಿತ್ತು, ಮಸುಕಾಗಿ, ಕಣ್ಣಿನ ಜಾಗದಲ್ಲಿ ಎರಡು ಕುಳಿಗಳೊಂದಿಗೆ.

ಅಷ್ಟರಲ್ಲಿ ಟಿಟಿಇ ಬಂದರು. ಕೈಯಲ್ಲಿದ್ದ ಟ್ಯಾಬ್ ನೋಡಿ, "ಹೆಸರು?" ಎಂದರು.

"ಮುನಿರಂಗಪ್ಪ. ಐವತ್ತೆಂಟು."

"ಸರಿ. ಇನ್ನೊಬ್ರು ಬಂದ್ರಾ?"

"ಇಲ್ಲ ಸಾರ್. ಯಾರವರು?"

"ಮುನಿರಂಗಪ್ಪ. ಐವತ್ತೆಂಟು."

"ಅದು ನಾನು ಸಾರ್."

"ನೀವು ಒಬ್ರು. ಎದುರು ಸೀಟಿಂದೂ ಅದೇ ಹೆಸರು, ಅದೇ ವಯಸ್ಸು. ಸಂಬಂಧಿಕರಾ?"

ಈ ಹೆಸರು ಬೀದಿಗೊಬ್ಬರಿಗೆ ಇರುವಂಥದ್ದಲ್ಲ. ತಾಯಿ ಕಡೆಯ ಮುನೇಶ್ವರನಿಗೂ ತಂದೆ ಕಡೆಯ ರಂಗನಾಥನಿಗೂ ಬೇಸರವಾಗಬಾರದೆಂದು ನಮ್ಮ ಮನೆಯವರು ಕೂಡಿಸಿದ ಹೆಸರು. ನನಗೆ ತಿಳಿದ ಹಾಗೆ ಇದನ್ನು ಇಟ್ಟುಕೊಂಡವರು ಇಬ್ಬರೇ. ನಾನೊಬ್ಬ, ನನ್ನ ತಾತ ಒಬ್ಬರು.

"ಬೇರೆ ಬೋಗಿಗೆ ಹತ್ತಿರ್ತಾರೆ," ಎಂದರು ಟಿಟಿಇ. "ಒಳಗಿಂದ ಒಳಗೇ ನಡ್ಕೊಂಡು ಬರ್ತಿರ್ತಾರೆ. ಕೂತಿರಿ."

ಕೂತೆ. ಕೂರದೆ ಏನು ಮಾಡಲಿ? ಇದೇ ರೈಲಿನಲ್ಲಿ, ಎಲ್ಲೋ ಒಂದು ಕಡೆ, ಒಬ್ಬ ಮುನಿರಂಗಪ್ಪ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತಾ ನನ್ನ ಕಡೆಗೆ ನಡೆದುಬರುತ್ತಿದ್ದಾನೆ!

ಗಿರಿಜಾಗೆ ಫೋನ್ ಮಾಡಿದೆ. "ಗಿರಿಜಾ, ತಾತ ತೀರ್ಕೊಂಡಾಗ ವಯಸ್ಸು ಎಷ್ಟು?"

"ನಿಮ್ಮ ತಾತಂದಾ? ಐವತ್ತೆಂಟು ಅಂತ ಅತ್ತೆ ಹೇಳ್ತಿದ್ರು. ಪಾಪ, ಒಂದ್ಸಲಾನಾದ್ರೂ ರೈಲು ಹತ್ಬೇಕು ಅಂತ ಆಸೆ ಇತ್ತಂತೆ. ಹತ್ತಲೇ ಇಲ್ಲ. ಯಾಕ್ರೀ?"

"ಹತ್ತಿರೋ ಹಾಗಿದೆ," ಎಂದೆ.

"ಏನು? ಕೇಳಿಸ್ತಿಲ್ಲ. ಸಿಗ್ನಲ್ ಇಲ್ಲ," ಎಂದಳು. ಕರೆ ಕಡಿಯಿತು.

ತಾತನನ್ನು ನಾನು ನೋಡಿಲ್ಲ. ಮನೆಯಲ್ಲಿರುವ ಒಂದೇ ಫೋಟೋದಲ್ಲಿ ಬಿಳಿ ಪಂಚೆ, ಬಿಳಿ ಪೇಟ, ದೊಡ್ಡ ಮೀಸೆ. ಆ ಫೋಟೋ ನೆನಪಾದ ಕ್ಷಣವೇ ಮೇಲಿನ ಕತ್ತಲಿನಿಂದ ಒಂದು ಕೈ ಇಳಿಯಿತು. ಸುಕ್ಕುಗಟ್ಟಿದ, ಉದ್ದ ಬೆರಳುಗಳ ಕೈ. ಗಾಳಿಯಲ್ಲಿ ತಡಕಾಡಿತು. ಎದುರು ಸೀಟಿನ ದಿಂಬನ್ನು ಮುಟ್ಟಿತು. ನೀರಿನ ಬಾಟಲಿ ಸಿಕ್ಕಿತು. ಬಾಟಲಿ ಮೇಲಕ್ಕೆ ಹೋಯಿತು.

ನನ್ನ ಬಾಯಿಂದ ಹೊರಟ ಶಬ್ದವನ್ನು ಬರೆಯಲು ಅಕ್ಷರಗಳಿಲ್ಲ.

"ನನ್ನ ಬಾಟ್ಲಿ ಕಣಪ್ಪ," ಎಂದು ಮೇಲಿನ ಬರ್ತಿನಿಂದ ಒಬ್ಬ ವೃದ್ಧರು ತಲೆ ಹೊರಹಾಕಿದರು. "ಚಪ್ಲಿ ಕೂಡ ಅಲ್ಲೇ ಬಿಟ್ಟಿದೀನಿ. ನೋಡ್ಕೋತಿರು." ಮತ್ತೆ ಕೆಮ್ಮಿ ಮಲಗಿದರು.

ಚಪ್ಪಲಿ, ಕೆಮ್ಮು, ಕೈ, ಮೂರೂ ಇತ್ಯರ್ಥವಾದವು. ಬುದ್ಧಿ ಇರುವವನಾಗಿದ್ದರೆ ಅಲ್ಲಿಗೆ ಸಮಾಧಾನಪಡುತ್ತಿದ್ದ. ಆದರೆ ಹೆಸರು ಇತ್ಯರ್ಥವಾಗಿರಲಿಲ್ಲವಲ್ಲ! ನಾನು ಬೆಡ್‌ಶೀಟ್ ಬಿಚ್ಚಿ ತಲೆಯಿಂದ ಕಾಲಿನವರೆಗೆ ಹೊದ್ದು, ಗೋಡೆಗೆ ಅಂಟಿಕೊಂಡೆ.

ಯಾರೋ ಬೋಗಿಯ ಮುಖ್ಯ ದೀಪಗಳನ್ನು ಆರಿಸಿದರು. ನೀಲಿ ಬೆಳಕು ಉಳಿಯಿತು. ಬಾಗಿಲು ಕಿರ್ರೆಂದು ತೆರೆದುಕೊಂಡಿತು. ನಿಧಾನವಾದ ಹೆಜ್ಜೆ. ಆಮೇಲೆ ಒಂದು ಧ್ವನಿ.

"ಮುನಿ... ರಂಗಪ್ಪಾ..."

ನಮ್ಮ ಬೆಂಗಳೂರಿನಲ್ಲಿ ಹಿಂದೊಮ್ಮೆ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಸಂಜೆಯಾದ ಮೇಲೆ ದೆವ್ವ ಹೆಸರು ಹಿಡಿದು ಕೂಗುತ್ತದೆ ಎಂಬ ಭಯ. ಅಮ್ಮ ನಮಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಕತ್ತಲಾದ ಮೇಲೆ ಯಾರಾದರೂ ಹೆಸರು ಹಿಡಿದು ಕರೆದರೆ ತಕ್ಷಣ ಓಗೊಡಬಾರದು. ಮೂರನೆಯ ಸಲವೂ ಕರೆದರೆ ಅದು ಮನುಷ್ಯ. ದೆವ್ವಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ.

"ಮುನಿರಂಗಪ್ಪಾ..." ಎರಡನೆಯ ಸಲ. ಧ್ವನಿ ನನ್ನ ತಲೆಯ ಹತ್ತಿರವೇ ನಿಂತಿತ್ತು. ನಾನು ಉಸಿರು ಬಿಗಿಹಿಡಿದೆ. ಮೂರನೆಯದಕ್ಕೆ ಕಾದೆ.

ಮೂರನೆಯ ಸಲ ಕರೆಯಲೇ ಇಲ್ಲ! ಹೆಜ್ಜೆಗಳು ಹೊರಟುಹೋದವು.

ಅಲ್ಲಿಗೆ ನನಗೆ ಯಾವ ಸಂಶಯವೂ ಉಳಿಯಲಿಲ್ಲ.

ರೈಲು ತುಮಕೂರಿನಲ್ಲಿ ನಿಂತಿತು. ಹೊರಟಿತು. ಎದುರು ಸೀಟು ಮೆಲ್ಲಗೆ ಕಿರುಗುಟ್ಟಿತು. ಯಾರೋ ಕೂತರು. ವಿಭೂತಿಯ ವಾಸನೆ ಬಂತು. ನಾನು ಬೆಡ್‌ಶೀಟಿನ ಅಂಚನ್ನು ಒಂದು ಬೆರಳಿನಷ್ಟು ಸರಿಸಿ ನೋಡಿದೆ.

ಬಿಳಿ ಪಂಚೆ. ಬಿಳಿ ಪೇಟ. ದೊಡ್ಡ ಮೀಸೆ.

ಆ ಆಕೃತಿ ನನ್ನ ಕಡೆಗೆ ಬಾಗಿತು. "ಮುನಿರಂಗಪ್ಪನ ಜಾಗಾ ಇದಽ ಏನ್ರೀ?"

ಬೆಡ್‌ಶೀಟಿನ ಅಂಚನ್ನು ಮತ್ತೆ ಮುಖದ ಮೇಲೆ ಎಳೆದುಕೊಂಡೆ.

"ಅಂವ ಇನ್ನ ಬರಂಗಿಲ್ಲಂತ. ಅಂವನ ಜಾಗಾ ನನಗ ಕೊಟ್ಟಾರ."

ಅಂವ ಇನ್ನು ಬರುವುದಿಲ್ಲ! ನನ್ನ ವಿಷಯವನ್ನು ನನ್ನ ಮುಂದೆಯೇ ತೀರ್ಮಾನ ಮಾಡಿಯಾಗಿತ್ತು. ಎದ್ದೆ. ಬೆಡ್‌ಶೀಟ್ ತಲೆಗೂ ಕೈಗೂ ಸುತ್ತಿಕೊಂಡಿತ್ತು. ಬಿಡಿಸಿಕೊಳ್ಳುವ ವ್ಯವಧಾನವಿರಲಿಲ್ಲ. ಹಾಗೆಯೇ ಓಡಿದೆ.

ನೀಲಿ ಬೆಳಕಿನ ಬೋಗಿಯಲ್ಲಿ, ತಲೆಯಿಂದ ಪಾದದವರೆಗೆ ಬೆಳ್ಳಗಿರುವ ಒಂದು ಆಕಾರ ಕೈಚಾಚಿ, "ಗಿರಿಜಾ... ಗಿರಿಜಾ..." ಎಂದು ನರಳುತ್ತಾ ಓಡಿಬಂದರೆ ನೋಡಿದವರಿಗೆ ಏನನ್ನಿಸಬೇಕು? ಒಬ್ಬ ಹೆಂಗಸು ಕಿಟಾರನೆ ಕಿರುಚಿದಳು. ಒಬ್ಬರು ಮಂತ್ರ ಶುರುಮಾಡಿದರು. ಒಬ್ಬರು "ಚೈನ್ ಎಳೀರಿ, ಚೈನ್!" ಎಂದು ಕೂಗಿದರು. ಪುಣ್ಯಕ್ಕೆ ಅವರ ಕೈಗೆ ಅದು ಎಟುಕಲಿಲ್ಲ.

ಗಿರಿಜಾ ಆ ಹೊತ್ತಿಗೆ ಫೋನನ್ನು ಮುಖದ ಮುಂದೆ ಹಿಡಿದುಕೊಂಡು ಕೂತಿದ್ದಳು. ಸಿಗ್ನಲ್ ಬಂದಿತ್ತು. ಹುಬ್ಬಳ್ಳಿಯ ಬೀಗರ ಜೊತೆ ವೀಡಿಯೊ ಕಾಲ್ ನಡೆಯುತ್ತಿತ್ತು. "ನಮ್ಮ ಮನೆಯವರು ಬಹಳ ಗಂಭೀರ ಸ್ವಭಾವದವರು," ಎಂದು ಅವಳು ಹೇಳುತ್ತಿದ್ದಾಗಲೇ ನಾನು ಅವಳ ಹೆಗಲ ಮೇಲೆ ಕೈಯಿಟ್ಟೆ.

ಅವಳು ತಿರುಗಿ ನೋಡಿದಳು. ಕಿರುಚಲಿಲ್ಲ. ನೇರವಾಗಿ ಚಿತ್ರಾನ್ನದ ಡಬ್ಬಿಯಿಂದ ಬಾರಿಸಿದಳು!

"ನಾನು ಕಣೇ! ನಾನು!"

"ರೀ?!" ಬೆಡ್‌ಶೀಟ್ ಎಳೆದಳು. ನನ್ನ ಮುಖ ಹೊರಬಂತು. ಹಣೆಯ ಮೇಲೆ ಕಡಲೆಬೇಳೆ. ಫೋನಿನ ಪುಟ್ಟ ಪರದೆಯಲ್ಲಿ ಐದಾರು ಮುಖಗಳು ಒತ್ತಾಗಿ ಸೇರಿ, ಕಣ್ಣು ಮಿಟುಕಿಸದೆ ನನ್ನನ್ನು ನೋಡುತ್ತಿದ್ದವು.

"ನಮಸ್ಕಾರ," ಎಂದೆ.

ದೀಪ ಹತ್ತಿಸಿಕೊಂಡು ಟಿಟಿಇ ಓಡಿಬಂದರು. ಹಿಂದೆಯೇ ಬಿಳಿ ಪೇಟದವರು, ಬಹಳ ಮರುಕದಿಂದ. ಅವರು ಹಾವೇರಿಯ ಕಡೆಯವರು, ತುಮಕೂರಿನಲ್ಲಿ ಮಗಳ ಮನೆಗೆ ಬಂದು ವಾಪಸು ಹೊರಟವರು. ಟಿಟಿಇ ನನ್ನ ಮೊಬೈಲ್ ಇಸಿದುಕೊಂಡು ಮೆಸೇಜುಗಳನ್ನು ನೋಡಿದರು.

"ಸಾರ್, ನೀವು ಬುಕ್ ಮಾಡೋವಾಗ ಮೊದಲನೇದು ಹೋಗಿಲ್ಲ ಅಂದ್ಕೊಂಡ್ರಿ. ಅದೂ ಹೋಗಿದೆ. ಎರಡು ಟಿಕೆಟ್ ಬಂದಿದೆ. ಎರಡೂ ಅರ್ಧ ನಿಮ್ಮದೇ. ಆ ಮುನಿರಂಗಪ್ಪ ನೀವೇ, ಈ ಮುನಿರಂಗಪ್ಪನೂ ನೀವೇ."

ಬೋಗಿಯವರೆಲ್ಲ ನಗು ತಡೆಯಲು ಮುಖ ತಿರುಗಿಸಿದರು. ಗಿರಿಜಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ದೆವ್ವವೇ ವಾಸಿ ಅನ್ನಿಸುವಂಥ ನೋಟ.

ನಾನು ಸಾವರಿಸಿಕೊಂಡೆ. ವ್ಯಾಪಾರಸ್ಥನ ಬುದ್ಧಿ ಎಚ್ಚೆತ್ತಿತು. "ಹಾಗಾದ್ರೆ ಸಾರ್, ಎರಡು ಅರ್ಧ ಸೇರಿದ್ರೆ ಒಂದು ಪೂರ್ತಿ ಬರ್ತ್ ಆಯ್ತಲ್ಲ? ಅದು ನಂದೇ ಅಲ್ವಾ?"

"ಎರಡು ಟಿಕೆಟ್ ತಗೊಂಡ ತಕ್ಷಣ ನೀವು ಇಬ್ರು ಆಗಲ್ಲ ಸಾರ್. ಇನ್ನೊಬ್ರು ಬರಲಿಲ್ಲ ಅಂತ ಬರ್ಕೊಂಡೆ. ಆ ಜಾಗ ಈ ಹಿರಿಯರಿಗೆ ಹೋಯ್ತು. ಆದ್ರೆ ನಿಮಗೆ ಅಂತ ಒಂದು ಫುಲ್ ಬರ್ತ್ ಖಾಲಿ ಮಾಡ್ಕೊಂಡು ಬಂದಿದ್ದೆ. ಕರೆದೆ. ನೀವು ಉತ್ತರಾನೇ ಕೊಡ್ಲಿಲ್ಲ. ಮುಂದಿನೋರಿಗೆ ಕೊಟ್ಬಿಟ್ಟೆ."

"ಇನ್ನೊಂದ್ಸಲ ಕರೀಬಾರ್ದಾಗಿತ್ತಾ ಸಾರ್?"

"ಎರಡು ಸಲ ಕರೆದ್ನಲ್ಲಾ! ಇನ್ನೆಷ್ಟು ಸಲ ಕರೀಬೇಕು?"

"ಮೂರು," ಎಂದೆ ಮೆತ್ತಗೆ.

ಮಿಕ್ಕ ದಾರಿಯನ್ನು ನನ್ನ ಅರ್ಧದಲ್ಲೇ ಕಳೆದೆ. ಎದುರಿನ ಹಿರಿಯರು ದೊಡ್ಡ ಮನಸ್ಸಿನವರು. ತಮ್ಮ ಎರಡೂ ಪಾದಗಳನ್ನು ನನ್ನ ತೊಡೆಯ ಮೇಲೆ ನಂಬಿಕೆಯಿಂದ ಇಟ್ಟು ಗೊರಕೆ ಹೊಡೆದರು. ಆಗಾಗ ಕಣ್ಣು ಬಿಟ್ಟು, "ಅಂಜಬ್ಯಾಡ್ರಿ, ನಾ ಅದೀನಿ," ಎನ್ನುತ್ತಿದ್ದರು.

ಹುಬ್ಬಳ್ಳಿಯಲ್ಲಿ ಬೀಗರು ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು. ರೈಲಿನ ವಿಷಯ ಯಾರೂ ಎತ್ತಲಿಲ್ಲ. ನನ್ನನ್ನು ನೋಡಿದಾಗಲೆಲ್ಲ ಹುಡುಗನ ತಂಗಿ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ಮನೆ ಚೆನ್ನಾಗಿತ್ತು, ಜನ ಇನ್ನೂ ಚೆನ್ನಾಗಿದ್ದರು. ಊಟವಾಗುವಷ್ಟರಲ್ಲಿ ಮಾತು ಪಕ್ಕಾ ಆಯಿತು. "ನಿಮ್ಮ ಮಗಳು ಭಾಳ ಧೈರ್ಯದಾಕಿ ಅಂತ ನಮ್ಮ ಹುಡುಗ ಹೇಳ್ಯಾನ್ರೀ," ಎಂದರು ಬೀಗರು. ಆಮೇಲೆ ಗಿರಿಜಾಳ ಕಡೆ ತಿರುಗಿ ಸೇರಿಸಿದರು, "ತಾಯಿ ಗುಣಾ ಬಂದಿರಬೇಕು."

ಸ್ವಲ್ಪ ಅಡ್ಡಾಗಿ ಎಂದು ಒಂದು ಕೋಣೆ ತೋರಿಸಿದರು. ಮನೆಯ ಹಾಸಿಗೆಗಳ ಮೇಲೆಲ್ಲ ಶುಭ್ರವಾದ ಬಿಳಿ ಚಾದರಗಳಿದ್ದವು. ನನ್ನ ಮಂಚದ ಮೇಲೆ ಮಾತ್ರ ಕೆಂಪು, ಹಸಿರು, ಹಳದಿ ಹೂವುಗಳಿದ್ದ ದಪ್ಪ ಚಾದರ. ನಾನು ಅದನ್ನೇ ನೋಡುತ್ತಾ ನಿಂತಿದ್ದು ಕಂಡು ಬೀಗಿತ್ತಿ ಸಂಕೋಚದಿಂದ ಹೇಳಿದರು:

"ತಪ್ಪು ತಿಳೀಬ್ಯಾಡ್ರಿ ಬೀಗರ. ಮನ್ಯಾಗ ಸಣ್ಣ ಹುಡುಗ್ರ ಅದಾವ್ರೀ."