ಹನ್ನೆರಡು ಲಕ್ಷ ಮತ್ತು ಒಂದು ಡಜನ್ ಹಳದಿ ಪೆನ್ನು

ಹನ್ನೆರಡು ಲಕ್ಷದ ಆರ್ಡರು. ಕೋಡಂಬಾಕ್ಕಂನ ಅಪಾರ್ಟ್‌ಮೆಂಟೊಂದರ ತಾರಸಿಗೆ ಸೋಲಾರ್ ಪ್ಯಾನೆಲ್. ಅಲ್ಲಿಯ ಸೆಕ್ರೆಟರಿ ಕನ್ನಡದವರೇ, ರೈಲ್ವೆಯ ವಿದ್ಯುತ್ ವಿಭಾಗದಿಂದ ರಿಟೈರ್ ಆದವರು. "ಇಂಜಿನಿಯರ್‌ನ ಕರ್ಕೊಂಡು ಬರಬೇಡಿ. ಮಾರೋರೇ ವಿವರಿಸಬೇಕು. ಒಂದು ತಿಂಗಳು ಟೈಮು" ಅಂದರು. ಟಿ. ನಗರದಲ್ಲಿ ಮೂವತ್ತು ವರ್ಷದಿಂದ ವೈರು ಮಾರುತ್ತಿದ್ದೇನೆ. ಅದರೊಳಗೆ ಏನು ಹರಿಯುತ್ತದೆಂದು ವಿಚಾರಿಸಿರಲಿಲ್ಲ. ಐವತ್ತೆಂಟರಲ್ಲಿ ಓದಲು ಕೂತವನಿಗೆ ಈ ಕೆಳಗಿನಂಥವು ಆಗುತ್ತಲೇ ಇರುತ್ತವೆ.

೧. ವಿಡಿಯೊ

ಒಂದು ವಾರ ವಿಡಿಯೊ ನೋಡಿದೆ. ಎಲ್ಲದಕ್ಕೂ ತಲೆಯಾಡಿಸಿದೆ. ಎಲ್ಲ ಅರ್ಥವಾಯಿತು.

"ಏನು ಅರ್ಥವಾಯ್ತು?" ಅಂದಳು ಹೆಂಡತಿ.

"ಪಾಠ ಮಾಡೋನು ಬಹಳ ಬುದ್ಧಿವಂತ."

೨. ಹಳದಿ ಪೆನ್ನು

ದಪ್ಪ ಪುಸ್ತಕ ತಂದೆ. ಮುಖ್ಯವಾದ ಸಾಲಿಗೆ ಬಳಿಯಲು ಹಳದಿ ಪೆನ್ನು. ಡಜನ್ ಕೊಂಡರೆ ಅಗ್ಗವೆಂದು ಡಜನ್ನೇ ತಂದೆ. ತಂದಮೇಲೆ ಸುಮ್ಮನಿಡುವುದುಂಟೆ? ಬಳಿದೆ.

ಮಗಳು ಪುಟ ತಿರುವಿ, "ಅಪ್ಪಾ, ಇದ್ರಲ್ಲಿ ಮುಖ್ಯ ಅಲ್ಲದ್ದು ಯಾವ್ದು?" ಅಂದಳು.

ನೋಡಿದೆ. ಪುಟದ ನಂಬರಷ್ಟೇ ಬಿಳಿ ಉಳಿದಿತ್ತು.

"ಬುಕ್ಕ ಮೂಡಿಟ್ಟು ಸೊಲ್ಲುಪ್ಪಾ" ಎಂದು ತಮಿಳಿಗೆ ಇಳಿದಳು, ಪುಸ್ತಕ ಮುಚ್ಚಿ ಹೇಳಬೇಕಂತೆ. ಮುಚ್ಚಿದೆ. ಪುಸ್ತಕದ ಜೊತೆ ನನ್ನ ಬಾಯಿಯೂ ಮುಚ್ಚಿತು.

೩. ಗಿರಾಕಿ

ಉಳಿದದ್ದು ಹತ್ತು ದಿನ. "ಓದೋದು ನಿಮ್ಮ ಕೈಲಾಗಲ್ಲ, ಮಾರೋದು ಬರುತ್ತೆ. ನನಗೆ ಮಾರಿ" ಅಂದಳು ಹೆಂಡತಿ. ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ ಬ್ಲೌಸ್ ಪೀಸ್ ಕೊಂಡು ಬರುವವಳು.

"ಬೀದಿ ಕರೆಂಟ್ ಹೋದ್ರೆ ಇದು ನಡೆಯುತ್ತಾ?"

"ಬಿಸಿಲಿದ್ರೆ ಜೋರಾಗಿ ನಡೆಯುತ್ತೆ!"

"ಪುಸ್ತಕ ನೋಡಿ ಹೇಳಿ."

ನೋಡಿದೆ. ಬ್ಯಾಟರಿ ಇಲ್ಲದ ಈ ಬಗೆ ತಾನಾಗಿ ನಿಂತುಬಿಡುತ್ತದಂತೆ. ಇಲ್ಲದಿದ್ದರೆ ತಾರಸಿಯ ಕರೆಂಟ್ ಬೀದಿ ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್.

"ಹಾಗಾದ್ರೆ ನಂಗೆ ಬೇಡ" ಎಂದು ಎದ್ದು ಹೋದಳು.

ದಿನವೂ ಹೀಗೆ. ಕೈತಪ್ಪಿದ ಗಿರಾಕಿಯನ್ನು ವ್ಯಾಪಾರಿ ಮರೆಯುವುದಿಲ್ಲ. ಯಾವ ಯಾವ ಪ್ರಶ್ನೆಗೆ ಅವಳು ಎದ್ದುಹೋದಳೋ ಅವೆಲ್ಲ ತಲೆಯಲ್ಲಿ ಕೂತವು.

೪. ಪರೀಕ್ಷೆ

ಧೈರ್ಯಕ್ಕೆ ಅವಳನ್ನೂ ಕರೆದೊಯ್ದೆ. ಸೆಕ್ರೆಟರಿಯ ಮೊದಲ ಪ್ರಶ್ನೆಯೇ, "ಕರೆಂಟ್ ಹೋದ್ರೆ?"

ಲೈನ್‌ಮನ್ ಸಮೇತ ಹೇಳಿದೆ.

"ನಿಮಗಿಂತ ಮುಂಚೆ ಬಂದ ಮೂವರೂ ನಡೆಯುತ್ತೆ ಅಂದಿದ್ರು" ಎಂದು ನಕ್ಕರು. "ಸರಿ, ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ರೆ?"

ಅದನ್ನು ನಮ್ಮ ಮನೆಯ ಗಿರಾಕಿ ಕೇಳಿರಲಿಲ್ಲ.

"ಒಂದಕ್ಕೊಂದು ಸಾಲಾಗಿ ಜೋಡಿಸಿರ್ತಾರಲ್ಲ ಸಾರ್, ಒಂದು ಕುಂಟಿದ್ರೆ ಸಾಲೇ ಕುಂಟುತ್ತೆ. ಟ್ಯಾಂಕಿನ ಬದಿ ಬಿಟ್ಟು ಹಾಕಿಸ್ಬೇಕು" ಎಂದಳು ಹೆಂಡತಿ.

ನಾನು ಬಾಯಿಬಿಟ್ಟು ನೋಡಿದೆ.

"ಕೇಳ್ಬೇಕಂದ್ರೆ ನಾನೂ ಓದ್ಬೇಕಲ್ರೀ? ಇದನ್ನ ನಿನ್ನೆ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಎದ್ದು ಹೋಗಿಬಿಟ್ಟೆ."

ಆರ್ಡರು ಸಿಕ್ಕಿತು. ಒಟ್ಟು ಗಳಿಕೆ: ತಾರಸಿ ಒಂದು, ಮುಚ್ಚಳ ತೆಗೆಯದ ಹಳದಿ ಪೆನ್ನು ಒಂಬತ್ತು, ಮನೆಯಲ್ಲಿ ಸೋಲಾರ್ ಬಲ್ಲವರು ಒಬ್ಬರು. ಅನುಮಾನ ಬಂದಾಗಲೆಲ್ಲ ಸೆಕ್ರೆಟರಿ ಫೋನ್ ಮಾಡುತ್ತಾರೆ. ನಾನೇ ಎತ್ತಿ, "ಒಂದು ನಿಮಿಷ ಸಾರ್" ಎಂದು ಅವಳ ಕೈಗೆ ಕೊಡುತ್ತೇನೆ.