ತೊಳೆದಿಟ್ಟ ಜಾಡಿಗಳ ರಹಸ್ಯ

ನಿಗೂಢ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯವೇನು ಎಂದು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ. ಆದ್ದರಿಂದ ನಾನೇ ಹೇಳಿಕೊಂಡು ಬಂದಿದ್ದೇನೆ. ಒಳ್ಳೆಯ ನಿಗೂಢ ಚಿತ್ರಕ್ಕೆ ಮೊದಲು ಬೇಕಾದದ್ದು ಮಂಜು. ಆಮೇಲೆ ಎಣ್ಣೆ ಕಾಣದ ಬಾಗಿಲು. ಅದಾದ ಮೇಲೆ, ಕಾಫಿ ಕೊಡುವಾಗ ಅತಿ ವಿನಯ ತೋರಿಸುವ ಒಬ್ಬ ಮನುಷ್ಯ. ಕೊಲೆಗಾರ ಅವನೇ. ಮಧ್ಯಂತರಕ್ಕೆ ಮೊದಲೇ ನಾನು ಇದನ್ನು ಘೋಷಿಸಿಬಿಡುತ್ತೇನೆ. (ಹತ್ತರಲ್ಲಿ ಒಂಬತ್ತು ಸಲ ಕೊಲೆಗಾರ ಬೇರೆ ಯಾರೋ ಆಗಿರುತ್ತಾನೆ. ಅದು ನಿರ್ದೇಶಕರ ತಪ್ಪು.)

ನಾನು ಷಡಕ್ಷರಿ. ಮೂವತ್ತೊಂದು ವರ್ಷ ಸರ್ಕಾರಿ ಸರ್ವೆಯರ್ ಆಗಿದ್ದವನು. ಇಲವಾಲದ ಸುತ್ತಮುತ್ತ ನಾನು ಸರಪಳಿ ಎಳೆಯದ ಹೊಲವಿಲ್ಲ. ನಿವೃತ್ತನಾದ ಮೇಲೆ ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಹಾಲ್‌ನಲ್ಲಿ ಕೂತು ಸಿನಿಮಾ ನೋಡಿ ನೋಡಿ ವಿಮರ್ಶಕನಾಗಿ ವಿಕಾಸಗೊಂಡೆ. ಈ ಕೀರ್ತಿ ನಮ್ಮ ಬಡಾವಣೆಯ ಹಿರಿಯ ನಾಗರಿಕರ ಸಂಘದವರೆಗೂ ಹಬ್ಬಿತು. (ಹಬ್ಬಿಸಿದವನು ನಾನೇ.) ಸಂಘದ ಕಾರ್ಯದರ್ಶಿ ಚನ್ನಬಸವಯ್ಯ ನನ್ನ ಆಪ್ತ ಸ್ನೇಹಿತರು. ‘ಬೆಳ್ಳಿತೆರೆಯಲ್ಲಿ ನಿಗೂಢತೆ’ ಎಂಬ ವಿಷಯದ ಮೇಲೆ ಒಂದು ಭಾನುವಾರ ಸಂಜೆ ನನ್ನ ಉಪನ್ಯಾಸ ಇಟ್ಟೇಬಿಟ್ಟರು.

ಆ ಭಾನುವಾರಕ್ಕೆ ಎಂಟು ದಿನ ಇದ್ದಾಗ ನನ್ನ ವಿದ್ವತ್ತಿಗೆ ಕುತ್ತು ಬಂತು. ತಂದವಳು ಸೊಸೆ ಸುಷ್ಮಾ.

ಸುಷ್ಮಾ ನಮ್ಮ ಮನೆಗೆ ಬಂದು ಮೂರು ತಿಂಗಳಾಗಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಅಲ್ಲಿ ಗಂಟೆಗಟ್ಟಲೆ ಮಾತಾಡುವ ಹುಡುಗಿ, ನನ್ನೊಡನೆ ಮಾತ್ರ ‘ಮಾವ, ಕಾಫಿ’, ‘ಮಾವ, ಪೇಪರ್’ ಎಂದು ತಂತಿಭಾಷೆಯಲ್ಲಿ ಮಾತು ಮುಗಿಸುತ್ತಿದ್ದಳು. ನನಗೆ ಅದೇ ಒಂದು ಕೊರಗು. ನಾನೇನು ಹುಲಿಯೇ, ಕರಡಿಯೇ?

ಶನಿವಾರ ಮಧ್ಯಾಹ್ನ ನಿದ್ದೆ ಮುಗಿಸಿ ಹಾಲ್‌ಗೆ ಬಂದರೆ ಪರದೆಗಳೆಲ್ಲ ಎಳೆದಿದ್ದವು. ಶ್ರೀರಾಂಪುರದ ತವರಿನಿಂದ ತಂದಿದ್ದ ಗೇಮ್ ಪೆಟ್ಟಿಗೆಯನ್ನು ಟಿವಿಗೆ ಹಚ್ಚಿಕೊಂಡು ಸುಷ್ಮಾ ಕೂತಿದ್ದಳು. ತೆರೆಯ ಮೇಲೆ ದಟ್ಟ ಮಂಜು, ಗುಡ್ಡದ ಮೇಲೊಂದು ಒಂಟಿ ಮನೆ. ಎಲ್ಲೋ ಒಂದು ಬಾಗಿಲು ಕಿರ್ರೆಂದಿತು. ನನ್ನ ಮೈ ಜುಮ್ಮೆಂದಿತು. ಆದರೆ ವಿಮರ್ಶಕ ಹಾಗೆಲ್ಲ ಒಪ್ಪಿಕೊಳ್ಳಬಾರದು.

“ಇದೆಲ್ಲ ಮಕ್ಕಳಾಟ ಕಣಮ್ಮ. ನಿಗೂಢ ಅಂದ್ರೆ ಸಿನಿಮಾದಲ್ಲಿ ನೋಡ್ಬೇಕು” ಎಂದೆ.

ಸುಷ್ಮಾ ಮದುವೆಯಾದಾಗಿನಿಂದ ಆಡಿದ ಅತಿ ಉದ್ದದ ಮಾತು ಆಗ ಬಂತು. “ಸಿನಿಮಾದಲ್ಲಿ ಡೈರೆಕ್ಟರು ತೆಗೆದ ಬಾಗಿಲನ್ನೇ ನಾವು ನೋಡ್ಬೇಕು ಮಾವ. ಇದ್ರಲ್ಲಿ ಬಾಗಿಲು ತೆಗೆಯೋರು ನಾವೇ. ಅದಕ್ಕೇ ಭಯ ಜಾಸ್ತಿ. ಬೇಕಾದ್ರೆ ನೀವೇ ಒಂದ್ಸಲ ಆಡಿ ನೋಡಿ.”

ಮಾತು ಚೆನ್ನಾಗಿತ್ತು. ಉಪನ್ಯಾಸಕ್ಕೆ ಕದಿಯಬಹುದು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಆಟದ ರಿಮೋಟನ್ನು ಕೈಗೆ ತೆಗೆದುಕೊಂಡೆ.

ಕಥೆ ಸರಳ. ಆ ಮನೆಯಲ್ಲಿದ್ದ ಒಬ್ಬ ಅತ್ತೆ ಹನ್ನೆರಡು ವರ್ಷದ ಹಿಂದೆ ಕಣ್ಮರೆಯಾಗಿದ್ದಾಳೆ. ಕೊಲೆಯಾಗಿದೆ ಎಂದು ಊರೆಲ್ಲ ಮಾತು. ಅವಳ ಸೋದರಸೊಸೆಯಾಗಿ ನಾವು ಮನೆಯೊಳಗೆ ಹೋಗಿ, ಕಾಗದ ಪತ್ರ ಹುಡುಕಿ, ಆಗಿದ್ದೇನು ಎಂದು ಕೊನೆಗೆ ಒಂದು ಪುಸ್ತಕದಲ್ಲಿ ಬರೆಯಬೇಕು. ಮನೆಯಲ್ಲಿ ನರಪಿಳ್ಳೆ ಇಲ್ಲ. ಬರೀ ಗಾಳಿ, ಗಡಿಯಾರ.

ನಾನು ಗುಂಡಿ ಒತ್ತಿದೆ. ಮನೆ ಮಾಯವಾಯಿತು.

“ಮಾವ, ನೀವು ಆಕಾಶ ನೋಡ್ತಿದ್ದೀರ.”

“ಗೊತ್ತು ಕಣಮ್ಮ. ಮೋಡದ ಸ್ಥಿತಿ ಗಮನಿಸ್ತಿದ್ದೀನಿ.”

ಹತ್ತು ನಿಮಿಷ ಮೋಡ ನೋಡಿದೆ. ಆಮೇಲೆ ಹತ್ತು ನಿಮಿಷ ನನ್ನ ಪಾದ ನೋಡಿಕೊಂಡೆ. ಕೊನೆಗೆ ಒಳಗೆ ಹೋದವನು ಒಂದು ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡು, ಕಾಫಿ ಹೊತ್ತಿನವರೆಗೂ ಅಲ್ಲಿಯೇ ನಡೆಯುತ್ತಿದ್ದೆ. ಸಾವಿರಾರು ಎಕರೆ ಅಳೆದ ಮನುಷ್ಯನಿಗೆ ಮೂರಡಿ ಸಂದಿಯಿಂದ ಈಚೆ ಬರಲಾಗಲಿಲ್ಲ. ಸುಷ್ಮಾ ತುಟಿ ಕಚ್ಚಿಕೊಂಡು ಕೂತಿದ್ದಳು.

ಅಷ್ಟು ಹೊತ್ತಿಗೆ ನನ್ನ ಹೆಂಡತಿ ಪ್ರೇಮಲೀಲಾ, ನೆನೆಸಿದ ಅವರೆಕಾಳಿನ ಬೋಸಿಯೊಂದಿಗೆ ಬಂದು ಕಾಳು ಹಿತುಕುತ್ತ ಕೂತಳು. ಕೂತು ಐದು ನಿಮಿಷವಾಗಿರಲಿಲ್ಲ.

“ರೀ, ಅಡಿಗೆಮನೆಗೆ ಹೋಗಿ.”

“ಅಲ್ಲೇನಿರುತ್ತೆ? ರಹಸ್ಯ ಇರೋದು ಯಾವಾಗ್ಲೂ ಓದುವ ಕೋಣೇಲಿ.”

ಓದುವ ಕೋಣೆಯಲ್ಲಿ ಒಬ್ಬ ವಕೀಲನ ಪತ್ರ ಸಿಕ್ಕಿತು. ಅತಿ ವಿನಯದ ಪತ್ರ. ನನಗೆ ಅಷ್ಟೇ ಸಾಕಾಯಿತು. ಪುಸ್ತಕ ತೆರೆದು, ‘ಕೊಲೆ, ವಕೀಲನಿಂದ’ ಎಂದು ಬರೆಸಿದೆ. ಇನ್ನೊಮ್ಮೆ ಹುಡುಕಿ ಎಂದಿತು ಆಟ. ತೋಟದ ಮಾಲಿ ಎಂದೆ. ಇನ್ನೊಮ್ಮೆ ಹುಡುಕಿ. ಪಾದ್ರಿ, ಅಂಚೆಯವನು, ಹಾಲಿನವಳು, ಹೀಗೆ ಊರಿನ ಅರ್ಧ ಜನರನ್ನು ಜೈಲಿಗೆ ಕಳಿಸಲು ನೋಡಿದೆ.

“ಅಡಿಗೆಮನೆಗೆ ಹೋಗೀಂದ್ರೆ ಹೋಗಲ್ವಲ್ಲ ಇವ್ರು. ಸುಷ್ಮಾ, ನೀನಾದ್ರೂ ಹೋಗಮ್ಮ” ಎಂದಳು ಪ್ರೇಮಲೀಲಾ. ರಿಮೋಟು ನನ್ನ ಕೈಯಿಂದ ಸೊಸೆಯ ಕೈಗೆ ಹೋಯಿತು. ಅಡಿಗೆಮನೆ ಕಾಣಿಸಿತು. ಕಟ್ಟೆಯ ಮೇಲೆ ಏಳೆಂಟು ಗಾಜಿನ ಜಾಡಿಗಳು ಬೋರಲು ಬಿದ್ದಿದ್ದವು.

ಪ್ರೇಮಲೀಲಾ ಕಾಳು ಹಿತುಕುವುದನ್ನು ನಿಲ್ಲಿಸಿದಳು. “ಕೊಲೆನೂ ಇಲ್ಲ ಗಿಲೆನೂ ಇಲ್ಲ. ಇವಳೇ ಎದ್ದು ಹೋಗ್ಬುಟ್ಟವ್ಳೆ.”

“ಅದು ಹೇಗೆ ಹೇಳ್ತೀಯ?” ಎಂದೆ.

“ಕೊಲೆಯಾಗೋಳು ಜಾಡಿ ಎಲ್ಲಾ ತೊಳೆದು ಬೋರಲಾಕಿ ಕೂತಿರ್ತಾಳೇನ್ರೀ? ಮನೆ ಬಿಟ್ಟು ಹೋಗೋಳು ಮಾಡೋ ಕೆಲಸ ಇದು. ಹಿಂಬಾಗಿಲ ಹತ್ರ ಚಪ್ಪಲಿ ನೋಡಮ್ಮ. ಇರಲ್ಲ.”

ಇರಲಿಲ್ಲ. ಸುಷ್ಮಾ ಪುಸ್ತಕದಲ್ಲಿ ‘ತಾನಾಗಿಯೇ ಹೋದಳು’ ಎಂದು ಬರೆಸಿದಳು. ಮಂಜು ನಿಧಾನವಾಗಿ ಕರಗಿತು. ದೂರದ ಒಂದು ಕಡಲೂರಿನಲ್ಲಿ ಅತ್ತೆ ಹಳೆಯ ಗೆಳತಿಯೊಂದಿಗೆ ಬೇಕರಿ ಇಟ್ಟುಕೊಂಡು, ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು ನಗುತ್ತಿದ್ದಳು.

“ಪುಣ್ಯಾತ್ಗಿತ್ತಿ, ಚೆನ್ನಾಗಿದ್ದಾಳಲ್ಲ, ಸಾಕು” ಎಂದು ಪ್ರೇಮಲೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಷ್ಮಾ ಅತ್ತೆಯ ಭುಜಕ್ಕೆ ತಲೆ ಒರಗಿಸಿದಳು. ಸೋಮವಾರದಿಂದ ಸುಷ್ಮಾ ಕಾಲೇಜು ಬಿಟ್ಟು ಬಂದ ಕೂಡಲೇ ಅತ್ತೆ ಸೊಸೆ ಇಬ್ಬರೂ ಪರದೆ ಎಳೆದುಕೊಂಡು ಕೂರತೊಡಗಿದರು. ನಾನು ಒಳಗೆ ಬಂದರೆ “ಶ್” ಎನ್ನುತ್ತಿದ್ದರು. ನನ್ನ ಟಿವಿ, ನನ್ನ ಹಾಲ್.

ಭಾನುವಾರ ಬಂತು. ಸಂಘದ ಸಭಾಂಗಣದಲ್ಲಿ ಐವತ್ತು ಜನ ಸೇರಿದ್ದರು. ಪ್ರೇಮಲೀಲಾ, ಸುಷ್ಮಾ ಎರಡನೇ ಸಾಲಿನಲ್ಲಿ. ಮುಂದಿನ ಸಾಲಿನಲ್ಲಿ ಚನ್ನಬಸವಯ್ಯನವರ ಹೆಂಡತಿ ವಾಣಿ. ಚನ್ನಬಸವಯ್ಯ ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ.

ನಾನು ಹನ್ನೆರಡು ಪುಟ ಬರೆದುಕೊಂಡು ಹೋಗಿದ್ದೆ. ಮಂಜಿನ ತಾತ್ವಿಕ ಮಹತ್ವದ ಬಗ್ಗೆ ಮೂರನೇ ಪುಟ ಓದುವಷ್ಟರಲ್ಲಿ ಸಂಘದ ಹಿರಿಯ ಸದಸ್ಯ ಸಿದ್ದಲಿಂಗಸ್ವಾಮಿಯವರ ಗೊರಕೆ ಕೇಳಿಸಿತು. ಐದನೇ ಪುಟಕ್ಕೆ ಅದು ಸಾಮೂಹಿಕವಾಯಿತು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ. ನಾನು ಜಾಡಿ ಹಿಡಿದೆ. ಒಂಟಿ ಮನೆಯ ಕಥೆ ಹೇಳಿ, ಬೋರಲು ಬಿದ್ದ ಜಾಡಿಗಳನ್ನು ಕಂಡ ತಕ್ಷಣ ನನಗೆ ಸತ್ಯ ಹೊಳೆಯಿತು ಎಂದುಬಿಟ್ಟೆ. ಸಭೆ ಎಚ್ಚೆತ್ತು ಚಪ್ಪಾಳೆ ಹೊಡೆಯಿತು. ಎರಡನೇ ಸಾಲಿನ ಕಡೆ ಮಾತ್ರ ನಾನು ನೋಡಲಿಲ್ಲ.

ವಾಣಿಯವರು ಎದ್ದರು. “ಬೋರಲಾಕಿದ್ರೆ ತೊಳೆದಂಗೇ ಅಂತ ಎಂಗೇಳ್ತೀರಾ? ಧೂಳು ಬೀಳ್ದಿರ್ಲಿ ಅಂತಲೂ ಬೋರಲಾಕ್ತೀವಿ ನಾವು.”

ನಾನು ಹನ್ನೆರಡೂ ಪುಟ ತಿರುವಿದೆ. “ಅದು… ಕೋನದ ಅಳತೆಯಿಂದ ತಿಳಿಯುತ್ತೆ” ಎಂದೆ.

“ಕೆಳಗೆ ಬಟ್ಟೆ ಹಾಸಿತ್ತು ಕಣೇ ವಾಣಿ” ಎಂದಿತು ಎರಡನೇ ಸಾಲು. “ನೀರು ಇಳೀಲಿ ಅಂತ. ಮುಚ್ಚಳ ಎಲ್ಲಾ ಕಿಟಕಿ ಹತ್ರ ಬಿಸಿಲಿಗಿಟ್ಟಿದ್ಲು.”

ಐವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಕಂಡುಹಿಡಿದವರು ಯಾರು ಎಂದು ಇನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಹೆಂಗಸರೆಲ್ಲ ಸೇರಿ ಪ್ರೇಮಲೀಲಾಳನ್ನು ವೇದಿಕೆಗೆ ಹತ್ತಿಸಿಯೇಬಿಟ್ಟರು. ಪೂರ್ತಿ ಎಚ್ಚರವಾಗಿದ್ದ ಸಿದ್ದಲಿಂಗಸ್ವಾಮಿಯವರು ಕೈ ಮುಗಿದು ಕೇಳಿದರು. “ತಾಯಿ, ಈ ಸೂಕ್ಷ್ಮ ನಿಮಗೆ ಎಲ್ಲಿಂದ ಬಂತು?”

ಪ್ರೇಮಲೀಲಾ ಮೈಕಿನ ಮುಂದೆ ಸ್ವಲ್ಪ ನಾಚಿದಳು. ಆಮೇಲೆ ನಾಚಿಕೆ ಬಿಟ್ಟಳು.

“ಮನೆ ಕೆಲಸಾನೇ ಇದು. ಈಗ ನೋಡಿ, ನಮ್ಮನೆಯವ್ರಿಗೆ ಬೆಣ್ಣೆ, ತುಪ್ಪ ಮುಟ್ಟಬೇಡಿ ಅಂದವ್ರೆ ಡಾಕ್ಟ್ರು. ಇವತ್ತು ಮೈಕ್ ಪರೀಕ್ಷೆ ಮಾಡ್ಬೇಕು ಅಂತ ನಾಲ್ಕು ಗಂಟೆಗೇ ಮನೆಯಿಂದ ಹೊರಟ್ರು. ಮೈಕ್ ಬಂದಿದ್ದು ಐದೂಕಾಲಿಗೆ, ನಾನೇ ನೋಡ್ದೆ. ಭಾಷಣದ ಮಧ್ಯೆ ಮೂರು ಸಲ ತೇಗಿದ್ರು. ಜುಬ್ಬದ ಬಲಗೈ ಅಂಚಿನಲ್ಲಿ ಕೆಂಪು ಚಟ್ನಿ ಐತೆ. ಬೆಣ್ಣೆ ಮಸಾಲೆ ದೋಸೆ. ಎರಡು.”

ಸಭೆ ಗೊಳ್ಳೆಂದಿತು. ಸುಷ್ಮಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ನಗು ಅಷ್ಟು ಜೋರಾಗಿ ಕೇಳಿದ್ದು. ಎರಡು ದೋಸೆಗೆ ಅದೇನೂ ದುಬಾರಿಯಲ್ಲ ಎನಿಸಿತು. ಜುಬ್ಬದ ತೋಳು ಮಡಚಿಕೊಂಡು ನಾನೂ ನಕ್ಕೆ.

“ಇನ್ನೊಂದು ವಿಷಯ” ಎಂದಳು ಪ್ರೇಮಲೀಲಾ. “ಇವ್ರು ಹೋಟ್ಲಿಗೆ ಒಬ್ರೇ ಹೋಗೋ ಪೈಕಿ ಅಲ್ಲ.”

ಪಕ್ಕದ ಕುರ್ಚಿಯಲ್ಲಿ ಚನ್ನಬಸವಯ್ಯನವರು ಮೆಲ್ಲಗೆ ಕರವಸ್ತ್ರ ತೆಗೆದು ಮೀಸೆ ಒರೆಸಿಕೊಂಡರು. ಮುಂದಿನ ಸಾಲಿನಲ್ಲಿ ವಾಣಿಯವರು ಕನ್ನಡಕ ಹಾಕಿಕೊಂಡರು.