ಮೂರನೇ ಟ್ಯಾಂಕಿನ ವಿಳಾಸ

ನಮ್ಮ ಮನೆಯ ನೆಟ್‌ವರ್ಕಿನಲ್ಲಿ ಇನ್ನು ಮುಂದೆ ಯಾರೂ ಇನ್ನೊಬ್ಬರ ಜಾಗದಲ್ಲಿ ಕೂರಕೂಡದು ಎಂದು ನಾನು ಶಪಥ ಮಾಡಿದೆ. ಕಾರಣವಿತ್ತು. ರೌಟರ್ ಎಂಬುದು ಬಂದ ಸಾಧನಕ್ಕೆ ಬಂದ ಹಾಗೆ ಅಂಕಿಯ ವಿಳಾಸ ಹಂಚುವ ಉದಾರಿ. ಜನರೇಟರ್ ನಿಂತು ಮತ್ತೆ ಓಡಿದ ದಿನ, ದೂರದ ದನಗಾವಲಿನ ಮೂರನೇ ನೀರಿನ ಟ್ಯಾಂಕಿನಲ್ಲಿ ಮಟ್ಟ ಅಳೆಯುವ ಯಂತ್ರದ ವಿಳಾಸವನ್ನು ಅದು ಪ್ರಿಂಟರಿಗೆ ಕೊಟ್ಟುಬಿಟ್ಟಿತು. ಪರದೆಯ ಮೇಲೆ ‘ಹತ್ತು ಪರ್ಸೆಂಟ್’ ಎಂದು ಕಂಡು, ದನಗಳು ಬಾಯಾರಿ ಸತ್ತೇಹೋದವೆಂದು ಮೂವತ್ತು ಕಿಲೋಮೀಟರ್ ಜೀಪು ಓಡಿಸಿದೆ. ಟ್ಯಾಂಕು ತುಂಬಿ ತುಳುಕುತ್ತಿತ್ತು. ಹತ್ತು ಪರ್ಸೆಂಟ್ ಉಳಿದಿದ್ದದ್ದು ಪ್ರಿಂಟರಿನ ಶಾಯಿ.

ಅವತ್ತೇ ನಮ್ಮ ಒಂಬತ್ತು ಸಾಧನಗಳಿಗೂ ಒಂದೊಂದು ವಿಳಾಸ ಕಾಯ್ದಿರಿಸಿದೆ. ಹತ್ತನೆಯದು ಇಲ್ಲದಂತೆ ಪಟ್ಟಿಯನ್ನೇ ಮೊಟಕುಗೊಳಿಸಿದೆ.

"ಯಾರಾದ್ರೂ ಬಂದ್ರೆ?" ಎಂದಳು ಹೆಂಡತಿ ಗ್ಲೆಂಡಾ.

"ಈ ಮರ್ಚಿಸನ್ ಬಯಲಿಗೆ ಯಾರು ಬರ್ತಾರೆ? ಪಕ್ಕದ ಮನೆಯೇ ತೊಂಬತ್ತು ಕಿಲೋಮೀಟರ್."

ನಾಲ್ಕು ತಿಂಗಳಿಂದ ಅವಳಿಗೆ ಮಾತಿಗೆ ಸಿಕ್ಕವನು ನಾನೊಬ್ಬನೇ. ನನ್ನ ಮಾತೆಲ್ಲ ಟ್ಯಾಂಕುಗಳದ್ದು.

ಮರುವಾರ ನೋರೀನ್ ಎಂಬಾಕೆ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಎಳೆದುಕೊಂಡು ಬಂದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ದೇಶ ಸುತ್ತುತ್ತಿದ್ದಳು. ಐದೇ ನಿಮಿಷದಲ್ಲಿ ಗ್ಲೆಂಡಾ ಮಾತಿನಲ್ಲಿ ಅವಳ ಮೊಣಕಾಲು ನೋವಿನವರೆಗೆ ತಲುಪಿದ್ದಳು. ಇಬ್ಬರೂ ನಕ್ಕರು. ಹೆಂಡತಿಯ ಆ ನಗುವನ್ನು ಹಿಂದೆ ಯಾವಾಗ ಕೇಳಿದ್ದೆನೋ, ನೆನಪಾಗಲಿಲ್ಲ.

"ಎರಡು ದಿನ ಇರ್ತಿದ್ದೆ," ಎಂದಳು ನೋರೀನ್. "ಆದ್ರೆ ದಿನಾ ನಾಲ್ಕು ಗಂಟೆಗೆ ಫೋನಲ್ಲಿ ಮೊಮ್ಮಗಳ ಮುಖ ನೋಡ್ಬೇಕು. ನಿಮ್ಮ ವೈಫೈ ನನ್ನನ್ನ ಒಳಗೇ ಬಿಡ್ತಿಲ್ಲ."

"ಜಾಗ ಭರ್ತಿಯಾಗಿದೆ," ಎಂದೆ, ಹೆಮ್ಮೆಯಿಂದ.

"ಹಾಗಾದ್ರೆ ಹೆದ್ದಾರಿ ಬದಿಯ ರೋಡ್‌ಹೌಸ್ ತನಕ ಹೋಗ್ತೀನಿ ಬಿಡಿ."

ಗ್ಲೆಂಡಾ ಕೆಟಲ್ ಕೆಳಗಿಟ್ಟಳು. "ಮರ್ವ್, ಯಾರನ್ನಾದ್ರೂ ಎಬ್ಬಿಸು. ಈಗಲೇ."

ಪಟ್ಟಿ ಉದ್ದ ಮಾಡುವ ಬಗೆ ಮರೆತೇಹೋಗಿತ್ತು; ಅಳಿಸುವುದೊಂದೇ ಗೊತ್ತಿದ್ದದ್ದು. ಪ್ರಿಂಟರನ್ನು ಅಳಿಸಲು ಹೋಗಿ, ಗಾಬರಿಯಲ್ಲಿ ಮೂರನೇ ಟ್ಯಾಂಕನ್ನು ಅಳಿಸಿದೆ. ನೋರೀನಳ ಫೋನು ಆ ಜಾಗದಲ್ಲಿ ಜಮ್ಮೆಂದು ಕೂತಿತು.

ಎರಡು ದಿನ ಒಂಬತ್ತಾಯಿತು. ಮತ್ತೆ ಅಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಂಡೇನೆಂಬ ಹೆದರಿಕೆಗೆ, ದಿನಾ ಮಧ್ಯಾಹ್ನ ನಾನೊಬ್ಬನೇ ಹೋಗಿ ಟ್ಯಾಂಕಿಗೆ ಇಣುಕಿ ಬರುತ್ತಿದ್ದೆ.

ನೋರೀನ್ ಹೊರಟ ದಿನ ಗ್ಲೆಂಡಾ ಗಾಡಿಯ ದೂಳು ಅಡಗುವವರೆಗೂ ಗೇಟಿನಲ್ಲೇ ನಿಂತಿದ್ದಳು. ನಾನು ಟ್ಯಾಂಕಿನ ಜಾಗ ಟ್ಯಾಂಕಿಗೆ ಕೊಡಲು ಕೂತೆ. ಗ್ಲೆಂಡಾ ಬಂದು ನನ್ನ ಕೈ ಹಿಡಿದಳು.

"ಅದನ್ನ ನೋರೀನ್ ಹೆಸರಿಗೇ ಕಾಯ್ದಿರಿಸು."

"ಅವಳು ಇನ್ನೆಲ್ಲಿ ಬರ್ತಾಳೆ?"

"ಬರ್ತೀನಿ ಅಂದಿದ್ದಾಳೆ."

"ಮತ್ತೆ ದನಗಳ ನೀರು?"

ಗ್ಲೆಂಡಾ ಜೀಪಿನ ಕೀಲಿ ನನ್ನ ಮುಂದಿಟ್ಟಳು.

ಈಗ ಮೂರನೇ ಟ್ಯಾಂಕಿನ ಯಂತ್ರ ನಾನೇ. ದಿನಾ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಪರ್ಸೆಂಟ್ ಒಪ್ಪಿಸುತ್ತೇನೆ.